ಮುಖ ನೋಡಿ ಮಣೆ ಹಾಕದ ಡಾಕ್ಟರ್

ನಾನು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವವಳು. ಊರು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಓದಿನ ಕೊನೆಗೆ ಆರು ತಿಂಗಳು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ತರಬೇತಿಗೆ ಇದ್ದೆ. ಅಲ್ಲಿ ಒಂದೇ ದಿನ ನನ್ನ ಕೈಗೆ ಬಂದ ಎರಡು ಚೀಟಿಗಳನ್ನು ಇವತ್ತಿಗೂ ಮರೆತಿಲ್ಲ.

ಮೊದಲನೆಯದು ಒಬ್ಬ ಲಾರಿ ಕ್ಲೀನರ್ ಹುಡುಗನದು. ಬಿದ್ದು ಕೈ ಮುರಿದುಕೊಂಡು ಬಂದಿದ್ದ. ಚೀಟಿಯಲ್ಲಿ ಎಚ್‌ಐವಿ ಪರೀಕ್ಷೆ ಎಂದು ಬರೆದಿತ್ತು. ಅವನಿಗೆ ಅದು ಗೊತ್ತೇ ಇರಲಿಲ್ಲ. ಎಲುಬು ಕೂಡಿಸುವುದಕ್ಕೇ ರಕ್ತ ತೆಗೆಯುತ್ತಾರೆ ಅಂದುಕೊಂಡು ಇನ್ನೊಂದು ಕೈ ಚಾಚಿದ. ಎರಡನೆಯದು ಒಬ್ಬ ಮೇಷ್ಟ್ರದು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ನಿಲ್ಲದ ಭೇದಿ, ತೂಕ ಇಳಿದು ಅಂಗಿ ಮೈಮೇಲೆ ಜೋತಾಡುತ್ತಿತ್ತು. ಅವರ ಚೀಟಿಯಲ್ಲಿ ಸಕ್ಕರೆ, ಟೈಫಾಯಿಡ್, ಲಿವರ್, ಕಿಡ್ನಿ ಎಲ್ಲ ಪರೀಕ್ಷೆಗಳೂ ಇದ್ದವು. ಎಚ್‌ಐವಿ ಮಾತ್ರ ಇರಲಿಲ್ಲ. ಯಾಕೆ ಬರೆದಿಲ್ಲ ಎಂದು ಹಿರಿಯರೊಬ್ಬರನ್ನು ಕೇಳಿದೆ. ಅಂಥವರಿಗೆ ಅದನ್ನು ಹೇಗೆ ಹೇಳುವುದು, ಮರ್ಯಾದಸ್ಥರು ಎಂದು ಅವರು ನಕ್ಕರು. ಆ ಮೇಷ್ಟ್ರು ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ಅವರಿಗೆ ಏನಾಗಿತ್ತೋ ನನಗೆ ಗೊತ್ತಿಲ್ಲ. ಅವರಿಗಾದರೂ ಗೊತ್ತಾಯಿತೋ ಇಲ್ಲವೋ.

ಅದಾದ ಕೆಲವು ದಿನಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಗೆಂದು ಸಾಮಾನ್ಯ ಜ್ಞಾನದ ಪುಸ್ತಕ ಓದುತ್ತಿದ್ದೆ. 2017ರ ಪದ್ಮಶ್ರೀ ಪಟ್ಟಿಯಲ್ಲಿ ಡಾ. ಸುನೀತಿ ಸಾಲೊಮನ್, ವೈದ್ಯಕೀಯ, ಮರಣೋತ್ತರ ಎಂದಿತ್ತು. ಭಾರತದಲ್ಲಿ ಮೊದಲು ಎಚ್‌ಐವಿ ಪತ್ತೆ ಮಾಡಿದವರು ಎಂದು ಪಕ್ಕದಲ್ಲಿ ಒಂದು ಸಾಲು. ಪರೀಕ್ಷೆಗೆ ಅಷ್ಟು ಸಾಕು, ಒಂದು ಅಂಕದ ಪ್ರಶ್ನೆ. ನನಗೆ ಸಾಕಾಗಲಿಲ್ಲ. ಯಾರ ರಕ್ತ ಪರೀಕ್ಷೆ ಮಾಡಬೇಕು, ಯಾರದು ಬೇಡ ಎಂದು ಇವರು ಹೇಗೆ ತೀರ್ಮಾನ ಮಾಡಿದರು ಎಂಬ ಪ್ರಶ್ನೆ ತಲೆಯಲ್ಲಿ ಕೂತಿತು. ಹುಡುಕಿ ಓದಿದೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಸುನೀತಿ ಹುಟ್ಟಿದ್ದು ಮದ್ರಾಸಿನಲ್ಲಿ ನೆಲೆಸಿದ್ದ ಮರಾಠಿ ಕುಟುಂಬವೊಂದರಲ್ಲಿ. ಮನೆತನದ ಹೆಸರು ಗಾಯ್ತೊಂಡೆ, ವ್ಯಾಪಾರ ಚರ್ಮದ್ದು. ಎಂಟು ಮಕ್ಕಳಲ್ಲಿ ಇವರೊಬ್ಬರೇ ಹೆಣ್ಣು. ವರ್ಷಕ್ಕೊಮ್ಮೆ ಲಸಿಕೆ ಹಾಕಲು ಆರೋಗ್ಯಾಧಿಕಾರಿ ಮನೆಗೆ ಬರುತ್ತಿದ್ದರಂತೆ. ಆ ಭೇಟಿಗಳೇ ಈ ಹುಡುಗಿಗೆ ವೈದ್ಯಕೀಯದ ಆಸೆ ಹುಟ್ಟಿಸಿದವು. ನಮ್ಮಲ್ಲಿ ಸೂಜಿ ಕಂಡರೆ ಮಕ್ಕಳು ಮಂಚದ ಕೆಳಗೆ ಅಡಗುತ್ತವೆ, ಇವರು ಸೂಜಿ ಹಿಡಿದವರಂತೆ ಆಗಬೇಕೆಂದುಕೊಂಡರು.

ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದರು. ಅಲ್ಲಿ ಪರಿಚಯವಾದ, ಮುಂದೆ ಹೃದಯ ಶಸ್ತ್ರಚಿಕಿತ್ಸಕರಾಗಿ ಹೆಸರು ಮಾಡಿದ ಸಾಲೊಮನ್ ವಿಕ್ಟರ್ ಅವರನ್ನು ಮದುವೆಯಾದರು. ಇವರು ಹಿಂದೂ, ಅವರು ಕ್ರೈಸ್ತರು. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ರೋಗನಿದಾನ ಶಾಸ್ತ್ರದಲ್ಲಿ ತರಬೇತಿ ಪಡೆದರು. ಅಲ್ಲೇ ಉಳಿಯಬಹುದಿತ್ತು. ತಮ್ಮ ಅಗತ್ಯ ಇಲ್ಲಿ ಹೆಚ್ಚಿದೆ ಎಂದು 1973ರಲ್ಲಿ ಗಂಡನೊಂದಿಗೆ ತಿರುಗಿ ಬಂದರು. ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಓದಿದ ಕಾಲೇಜಿನಲ್ಲೇ ಪ್ರಾಧ್ಯಾಪಕಿಯಾದರು.

1981ರಲ್ಲಿ ಅಮೆರಿಕದಿಂದ ಏಡ್ಸ್ ಎಂಬ ಹೊಸ ಕಾಯಿಲೆಯ ವರದಿಗಳು ಬರತೊಡಗಿದವು. ಸುನೀತಿ ಅವನ್ನು ಬಿಡದೆ ಓದುತ್ತಿದ್ದರು. ನಮ್ಮ ದೇಶದಲ್ಲಿ ಆಗ ಇದ್ದ ನಂಬಿಕೆ ಏನೆಂದರೆ, ಅದು ನೀತಿಗೆಟ್ಟ ಪರದೇಶದವರ ರೋಗ, ನಮ್ಮ ಸಂಸಾರಸ್ಥರ ನಾಡಿಗೆ ಬರುವುದಿಲ್ಲ ಎಂದು. ಮುಂಬೈಯಲ್ಲಿ ಪರೀಕ್ಷೆ ಮಾಡಿದ ಮಾದರಿಗಳಲ್ಲೂ ಏನೂ ಸಿಕ್ಕಿರಲಿಲ್ಲ. ಹಾಗಾಗಿ ಮದ್ರಾಸಿನಲ್ಲಿ ಹುಡುಕುವುದು ಹುಚ್ಚುತನ ಎಂಬಂತಿತ್ತು.

ಆ ಹೊತ್ತಿಗೆ ಸೆಲ್ಲಪ್ಪನ್ ನಿರ್ಮಲಾ ಎಂಬ ಸ್ನಾತಕೋತ್ತರ ವಿದ್ಯಾರ್ಥಿನಿ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರು. ಸುನೀತಿ ಈ ವಿಷಯ ಕೊಟ್ಟರು. ನಿರ್ಮಲಾಗೆ ಆಗ 32 ವರ್ಷ, ಎರಡು ಚಿಕ್ಕ ಮಕ್ಕಳು, ಸಾಂಪ್ರದಾಯಿಕ ಮನೆ. ಮೊದಲು ಹಿಂಜರಿದರು. ಧೈರ್ಯ ಹೇಳಿದ್ದು ಅವರ ಗಂಡ. ಲೈಂಗಿಕ ವೃತ್ತಿಯ ಹೆಂಗಸರನ್ನು ಹುಡುಕಿಕೊಂಡು ಬಸ್ಸಿನಲ್ಲಿ ಓಡಾಡಿ, ಕೊನೆಗೆ ಪೊಲೀಸರು ಹಿಡಿದು ತಂದವರನ್ನು ಇಡುತ್ತಿದ್ದ ಸರ್ಕಾರಿ ನಿಲಯಕ್ಕೆ ಹೋಗಿ ಮೂರು ತಿಂಗಳಲ್ಲಿ 80 ಮಾದರಿ ಸಂಗ್ರಹಿಸಿದರು. ಕೈಗವಸು ಇರಲಿಲ್ಲ. ಮಾದರಿ ಕೆಡದಂತೆ ಇಡಲು ಬೇರೆ ಜಾಗವಿಲ್ಲದೆ ಮನೆಯ ಫ್ರಿಜ್‌ನಲ್ಲೇ ಇಟ್ಟರು. ಮದ್ರಾಸಿನಲ್ಲಿ ಪರೀಕ್ಷೆಯ ಸೌಲಭ್ಯವೂ ಇರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ವೈರಾಣು ವಿಭಾಗ ನೋಡಿಕೊಳ್ಳುತ್ತಿದ್ದ ಡಾ. ಜೇಕಬ್ ಜಾನ್ ಒಪ್ಪಿಕೊಂಡರು. 1986ರ ಫೆಬ್ರುವರಿಯಲ್ಲಿ ನಿರ್ಮಲಾ ಮತ್ತು ಅವರ ಗಂಡ ರಾತ್ರಿ ರೈಲಿನಲ್ಲಿ ಮಾದರಿ ತೆಗೆದುಕೊಂಡು ಹೋದರು. ಎಲೈಸಾ ತಟ್ಟೆಯಲ್ಲಿ ಆರು ಗುಳಿಗಳು ಹಳದಿಗೆ ತಿರುಗಿದವು.

ಯಾರಿಗೂ ನಂಬಿಕೆ ಬರಲಿಲ್ಲ. ಮತ್ತೆ ರಕ್ತ ತೆಗೆದು ಅಮೆರಿಕಕ್ಕೆ ಕಳಿಸಿದರು. ಅಲ್ಲಿಯೂ ಅದೇ ಉತ್ತರ. ಸುದ್ದಿ ದಿಲ್ಲಿಗೆ, ಪ್ರಧಾನಿ ರಾಜೀವ್ ಗಾಂಧಿಯವರಿಗೆ ಮುಟ್ಟಿತು. ತಮಿಳುನಾಡಿನ ಆರೋಗ್ಯ ಸಚಿವ ಎಚ್.ವಿ. ಹಂಡೆ ವಿಧಾನಸಭೆಯಲ್ಲಿ ಪ್ರಕಟಿಸಿದರು. ಬರುವುದಿಲ್ಲ ಎಂದುಕೊಂಡಿದ್ದ ರೋಗ ನಮಗೆ ಗೊತ್ತಿಲ್ಲದೆ ಆಗಲೇ ಬಂದು ಕೂತಿತ್ತು. ಕೇಳಿದವರು ಇರಲಿಲ್ಲ, ಅಷ್ಟೇ.

ಸಾಹಸದ ಕಥೆ ಇಲ್ಲಿಗೆ ಮುಗಿಯುತ್ತದೆ. ನನ್ನನ್ನು ತಡೆದು ನಿಲ್ಲಿಸಿದ ಒಂದು ಸಂಗತಿ ಇದರೊಳಗೇ ಇದೆ. ಏಡ್ಸ್‌ಗಾಗಿ ರಕ್ತ ತೆಗೆಯುತ್ತಿದ್ದೇನೆ ಎಂದು ಆ ಹೆಂಗಸರಿಗೆ ಹೇಳಿರಲಿಲ್ಲ ಎಂಬುದನ್ನು ನಿರ್ಮಲಾ ಅವರೇ ಬಹಳ ವರ್ಷಗಳ ನಂತರ ಒಪ್ಪಿಕೊಂಡಿದ್ದಾರೆ. ಬೇರೆ ಗುಪ್ತರೋಗಗಳ ಪರೀಕ್ಷೆ ಎಂದುಕೊಂಡು ಅವರು ತೋಳು ಕೊಟ್ಟಿದ್ದರು. ಆ ಕಾಲಕ್ಕೆ ಒಪ್ಪಿಗೆಯ ಕಾನೂನು ಇರಲಿಲ್ಲ, ಔಷಧವೂ ಇರಲಿಲ್ಲ. ಆದರೂ ಓದುವಾಗ ನನಗೆ ನೆನಪಾದದ್ದು ನಮ್ಮ ಲಾರಿ ಕ್ಲೀನರ್ ಹುಡುಗ. ಸುಮಾರು ನಾಲ್ಕು ದಶಕ ಕಳೆದಿದೆ, ಏನೆಂದು ತಿಳಿಯದೆ ಕೈ ಚಾಚುವವರು ಇನ್ನೂ ಇದ್ದಾರೆ.

ಸುನೀತಿ ಅವರ ದೊಡ್ಡತನ ನನಗೆ ಕಂಡದ್ದು ಆಮೇಲಿನ ಬದುಕಿನಲ್ಲಿ. ಸೋಂಕು ಪತ್ತೆಯಾದ ಆರು ಜನರಲ್ಲಿ ಒಬ್ಬಳಿಗೆ ಕೇವಲ 13 ವರ್ಷ. ಅಪಹರಿಸಿ ಮಾರಲ್ಪಟ್ಟಿದ್ದ ಹುಡುಗಿ. ಆ ಮಗುವಿನ ಕಥೆ ಕೇಳಿದ ಮೇಲೆ ಸುನೀತಿಗೆ ಇದು ಬರೀ ಪ್ರಯೋಗಾಲಯದ ವಿಷಯವಾಗಿ ಉಳಿಯಲಿಲ್ಲ. ಹೆಂಡತಿ ಈ ರೋಗಿಗಳ ನಡುವೆ ಕೆಲಸ ಮಾಡುವುದು ಗಂಡನಿಗೂ ಮೊದಮೊದಲು ಹಿಡಿಸಿರಲಿಲ್ಲ. ಅವರ ಕಥೆಗಳನ್ನು ಒಮ್ಮೆ ಕೇಳಿ ನೋಡಿ, ಆಮೇಲೆ ಹೇಳಿ ಎಂಬುದೇ ಸುನೀತಿ ಕೊಟ್ಟ ಉತ್ತರ. ಡಾಕ್ಟರುಗಳೇ ಮುಟ್ಟಲು ಹೆದರುತ್ತಿದ್ದ ದಿನಗಳವು. 1993ರಲ್ಲಿ ತಂದೆ ವೈ.ಆರ್. ಗಾಯ್ತೊಂಡೆ ಹೆಸರಿನಲ್ಲಿ ವೈ.ಆರ್.ಜಿ. ಕೇರ್ ಎಂಬ ಸಂಸ್ಥೆ ಕಟ್ಟಿದರು. ಸ್ವಇಚ್ಛೆಯಿಂದ ಬಂದು, ಮೊದಲು ಮಾತಾಡಿ, ಆಮೇಲೆ ರಕ್ತ ಕೊಟ್ಟು, ಫಲಿತಾಂಶವನ್ನು ಗುಟ್ಟಾಗಿ ಪಡೆಯುವ ವ್ಯವಸ್ಥೆಯನ್ನು ದೇಶದಲ್ಲಿ ಮೊದಲು ಶುರು ಮಾಡಿದ ಜಾಗಗಳಲ್ಲಿ ಅದೂ ಒಂದು. ಕೇಳದೆ ತೆಗೆದ ರಕ್ತದಿಂದ ಆರಂಭವಾದ ಹಾದಿ, ಕೇಳಿಯೇ ತೆಗೆಯಬೇಕು ಎಂಬಲ್ಲಿಗೆ ಬಂದು ನಿಂತಿತು.

ಆ ಬಾಗಿಲಿಗೆ ಬಂದವರು ಯಾರು? 2000ದಲ್ಲಿ ಅವರ ತಂಡ ಸೋಂಕಿತ 134 ಮಹಿಳೆಯರ ವಿವರ ಪ್ರಕಟಿಸಿತು. ಬಹುಪಾಲು ಗೃಹಿಣಿಯರು. ಶೇ 88ರಷ್ಟು ಮಂದಿಗೆ ಗಂಡನೊಬ್ಬನ ಹೊರತು ಬೇರೆ ಸಂಬಂಧವೇ ಇರಲಿಲ್ಲ. ಹುಡುಕಾಟ ಆರಂಭವಾಗಿದ್ದು ಲೈಂಗಿಕ ವೃತ್ತಿಯವರಿಂದ, ಸತ್ಯ ಸಿಕ್ಕಿದ್ದು ತಾಳಿ ಕಟ್ಟಿಸಿಕೊಂಡವರ ಮನೆಯಲ್ಲಿ. ಮುಖ ನೋಡಿ ಮಣೆ ಹಾಕುವ ಬುದ್ಧಿ ಈ ರೋಗದ ಮುಂದೆ ನಡೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಸೋಂಕಿತ ಯುವಕ ಯುವತಿಯರಿಗೆ ತಮ್ಮಂಥವರೇ ಸಂಗಾತಿ ಸಿಗಲಿ ಎಂದು ಸುನೀತಿ ಗಂಡು ಹೆಣ್ಣು ಹುಡುಕಿಕೊಡುವ ಕೆಲಸವನ್ನೂ ಮಾಡಿದರು. 2015ರ ಜುಲೈ 28ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಲ್ಲದೆ ಹತ್ತು ವರ್ಷ ದಾಟಿತು.

ಈಗ ನಮ್ಮ ಜಿಲ್ಲೆಗೆ ಬರೋಣ. ದೇಶದಲ್ಲಿ ಹೆಚ್ಚು ಸೋಂಕಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು, ಅದರಲ್ಲೂ ಉತ್ತರದ ಜಿಲ್ಲೆಗಳಿಗೆ ಹೊರೆ ಹೆಚ್ಚು. ನಮ್ಮ ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳು ಕೈಕೊಟ್ಟರೆ ಜನ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಊರೂರಿನ ಲಾರಿ ಬರುತ್ತವೆ. ಹಾಗಾಗಿ ನಮ್ಮಲ್ಲಿ ಬೆರಳು ಹೋಗುವುದು ಲಾರಿಯವರ ಕಡೆಗೆ, ಗುಳೆ ಹೋದವರ ಕಡೆಗೆ, ದೇವದಾಸಿ ತಾಯಂದಿರ ಕಡೆಗೆ. ಬಿಳಿ ಅಂಗಿಯ ಮೇಷ್ಟ್ರ ಕಡೆಗೆ ಹೋಗುವುದಿಲ್ಲ.

ಆಸ್ಪತ್ರೆಗಳಲ್ಲಿ ಪರೀಕ್ಷೆಯನ್ನು ಯಾರಿಗೆ ನೀಡಬೇಕು ಎಂಬುದಕ್ಕೆ ಲಿಖಿತ ನಿಯಮಗಳಿವೆ. ಗರ್ಭಿಣಿಯರೆಲ್ಲರಿಗೂ ಕೇಳಬೇಕು. ಟಿ.ಬಿ. ಇರುವವರೆಲ್ಲರಿಗೂ ಕೇಳಬೇಕು, ಏಕೆಂದರೆ ಎಚ್‌ಐವಿ ಇರುವವರನ್ನು ಹೆಚ್ಚು ಬಲಿ ತೆಗೆದುಕೊಳ್ಳುವುದೇ ಟಿ.ಬಿ. ಲೈಂಗಿಕ ರೋಗಗಳಿಗೆ ಚಿಕಿತ್ಸೆಗೆ ಬಂದವರಿಗೆ, ನಮ್ಮ ಮೇಷ್ಟ್ರ ಹಾಗೆ ಕಾರಣ ಸಿಗದ ದೀರ್ಘ ಜ್ವರ, ಭೇದಿ, ತೂಕ ಇಳಿಕೆ ಇರುವವರಿಗೆ, ಸೋಂಕಿತರ ಸಂಗಾತಿ ಮತ್ತು ಮಕ್ಕಳಿಗೆ ಕೇಳಬೇಕು. ಈ ಪಟ್ಟಿಯಲ್ಲಿ ಅಂಗಿಯ ಬಣ್ಣವೂ ಇಲ್ಲ, ಜಾತಿಯೂ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಇನ್ನೂ ಮುಂದೆ ಹೋಗಿ, 13ರಿಂದ 64 ವರ್ಷದೊಳಗೆ ಆಸ್ಪತ್ರೆಗೆ ಬರುವ ಎಲ್ಲರಿಗೂ ಇದನ್ನು ಮಾಮೂಲಿ ಪರೀಕ್ಷೆಯಂತೆ ನೀಡಿ, ಬೇಡ ಎಂದವರನ್ನು ಬಿಡಿ ಎಂದು 2006ರಲ್ಲೇ ಹೇಳಿತು.

ನಮ್ಮಲ್ಲೂ ಎಲ್ಲರಿಗೂ ಕೇಳಬಹುದೇ? ಸಿಬ್ಬಂದಿ ಸಾಲದು, ಓಪಿಡಿಯಲ್ಲಿ ನಿಲ್ಲಲು ಜಾಗವಿಲ್ಲ ಎನ್ನುವ ಮಾತು ಸುಳ್ಳಲ್ಲ. ಹಿಂದೆ ನಾಲ್ಕು ಜನ ನಿಂತಿರುವಾಗ ಎಚ್‌ಐವಿ ಬಗ್ಗೆ ಕೇಳುವುದಕ್ಕಿಂತ ಕೇಳದಿರುವುದೇ ಮೇಲು. ಸೋಂಕು ಕಡಿಮೆ ಇರುವ ಕಡೆ ಎಲ್ಲರನ್ನೂ ಪರೀಕ್ಷಿಸಿದರೆ ಮೊದಲ ಕಿಟ್ ತಪ್ಪು ತೋರಿಸುವ ಪಾಲೂ ಹೆಚ್ಚು. ಅದಕ್ಕೇ ನಮ್ಮ ಕೇಂದ್ರಗಳಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತವಾಗದೆ ಪಾಸಿಟಿವ್ ಎಂದು ಹೇಳುವುದಿಲ್ಲ. ಎಲ್ಲರಿಗೂ ನಾಳೆಯೇ ಆಗದಿರಬಹುದು. ಆದರೆ ಒಂದು ಹೆಜ್ಜೆ ಇವತ್ತೇ ಇಡಬಹುದು. ಅದು ಗರ್ಭಿಣಿಯ ಜೊತೆಗೆ ಗಂಡನನ್ನೂ ಕೇಳುವುದು.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಅತ್ತಿಗೆ ಬಸುರಿಯಾದಾಗ ಆಶಾ ಅಕ್ಕ ತಾಯಿ ಕಾರ್ಡ್ ಮಾಡಿಸಿ ಪರೀಕ್ಷೆಗೆ ಕರೆದುಕೊಂಡು ಹೋದರು. ಅತ್ತಿಗೆಗೆ ಎಲ್ಲ ವಿವರಿಸಿದರು, ಅವರೂ ಒಪ್ಪಿ ರಕ್ತ ಕೊಟ್ಟರು. ಅದು ಒಳ್ಳೆಯದೇ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 15ರಿಂದ 45, ಸರಿಯಾದ ಮಾತ್ರೆ ತೆಗೆದುಕೊಂಡರೆ ಶೇ 5ಕ್ಕಿಂತ ಕಡಿಮೆ. ಆದರೆ ಗೋವಾದಲ್ಲಿ ಗಾರೆ ಕೆಲಸ ಮಾಡುವ ಅಣ್ಣನನ್ನು ಯಾರೂ ಕೇಳಲಿಲ್ಲ. ಬಹಳ ಮನೆಗಳಲ್ಲಿ ಗಂಡನನ್ನು ಕರೆಯುವುದು ಹೆಂಡತಿಯ ಫಲಿತಾಂಶ ಪಾಸಿಟಿವ್ ಬಂದ ಮೇಲೆ. ಅಷ್ಟರಲ್ಲಿ ಮೊದಲು ಗೊತ್ತಾದವಳೇ ರೋಗ ತಂದವಳು ಎಂದು ಅತ್ತೆ ಮನೆಯವರು ತೀರ್ಪು ಕೊಟ್ಟಿರುತ್ತಾರೆ. ಇಬ್ಬರನ್ನೂ ಒಂದೇ ದಿನ, ಒಂದೇ ಮಾತಿನಲ್ಲಿ ಕೇಳಿದರೆ ಆ ತೀರ್ಪಿಗೆ ಜಾಗವೇ ಇರುವುದಿಲ್ಲ.

ಗೋವಾ ಎಂದಾಗ ಇನ್ನೊಬ್ಬರನ್ನು ನೆನೆಯಬೇಕು. ಡೊಮಿನಿಕ್ ಡಿಸೋಜಾ ಎಂಬ ಯುವಕ ಅಲ್ಲಿ ಆಗಾಗ ರಕ್ತದಾನ ಮಾಡುತ್ತಿದ್ದರು. ದಾನ ಕೊಟ್ಟ ರಕ್ತದಲ್ಲಿ ಸೋಂಕು ಕಂಡಿತು. ಅವರನ್ನು ಕೂರಿಸಿ ಹೇಳುವ ಬದಲು 1989ರ ಫೆಬ್ರುವರಿ 14ರಂದು ಪೊಲೀಸರು ಕರೆದೊಯ್ದರು. ಹಳೆಯ ಟಿ.ಬಿ. ಆಸ್ಪತ್ರೆಯ ಕಟ್ಟಡದಲ್ಲಿ 64 ದಿನ ಕೂಡಿಟ್ಟರು. ತಾಯಿ ಲೂಸಿ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆಯೇ ಮನೆಗೆ ಬಂದದ್ದು. ತಮ್ಮಂಥವರಿಗಾಗಿ ಒಂದು ಸಂಸ್ಥೆ ಆರಂಭಿಸಿ, 1992ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಪರೀಕ್ಷೆಯ ಬಾಗಿಲ ಹಿಂದೆ ಪೊಲೀಸ್ ನಿಂತಿದ್ದರೆ ಯಾರು ತಾನೇ ಒಳಗೆ ಬಂದಾರು?

ಇಂದು ಕಾನೂನು ನಮ್ಮ ಪರವಾಗಿದೆ. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ರಕ್ತನಿಧಿಯಲ್ಲಿ ದಾನದ ರಕ್ತ ಪರೀಕ್ಷಿಸುವಂಥ ಕೆಲವು ಸಂದರ್ಭಗಳಷ್ಟೇ ಹೊರತು. ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. ಕೆಲಸ ಹುಡುಕುತ್ತಿರುವ ಗೆಳೆಯರು ಮುಖ್ಯವಾಗಿ ತಿಳಿಯಬೇಕಾದದ್ದು ಏನೆಂದರೆ, ನೌಕರಿಗೆ, ಓದಿಗೆ ಅಥವಾ ಚಿಕಿತ್ಸೆಗೆ ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಹಾಕುವಂತಿಲ್ಲ. ಸರ್ಕಾರಿ ಆಸ್ಪತ್ರೆಗಳ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ, ಅಂದರೆ ಐಸಿಟಿಸಿಗಳಲ್ಲಿ, ಪರೀಕ್ಷೆ ಉಚಿತ. 2004ರಿಂದ ಮಾತ್ರೆಯೂ ಉಚಿತ. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ರೋಗ ಬಲಿಯುವವರೆಗೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ. ಸರಿಯಾಗಿ ಮಾತ್ರೆ ತೆಗೆದುಕೊಂಡವರು ಎಲ್ಲರಂತೆ ದುಡಿದು ಬಾಳುತ್ತಿದ್ದಾರೆ. ಸಂದೇಹವಿದ್ದರೆ 1097ಕ್ಕೆ ಕರೆ ಮಾಡಿ ಕೇಳಬಹುದು.

ಕಳೆದ ಸಲ ಅಣ್ಣ ಊರಿಗೆ ಬಂದಾಗ ಪರೀಕ್ಷೆ ಮಾಡಿಸಿಕೋ ಎಂದೆ. ನನ್ನನ್ನು ಅಂಥವನು ಅಂದುಕೊಂಡೆಯಾ ಎಂದು ಸಿಟ್ಟಾಗಿ ಎರಡು ದಿನ ಮಾತು ಬಿಟ್ಟ. ತಪ್ಪು ನನ್ನದೂ ಇತ್ತು. ಗುಳೆ ಹೋದವನು ಎಂದು ಅವನೊಬ್ಬನಿಗೇ ಹೇಳಿದ್ದೆ. ನಾನೂ ಮುಖ ನೋಡಿಯೇ ಮಣೆ ಹಾಕಿದ್ದೆ. ನೂರಾರು ಜನರ ರಕ್ತ ತೆಗೆದ ನಾನು ಒಮ್ಮೆಯೂ ನನ್ನ ರಕ್ತ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ನನಗೆ ಅದರ ಅಗತ್ಯವಿಲ್ಲ ಎಂಬ ಗರ್ವ ಒಳಗೆಲ್ಲೋ ಇತ್ತು.

ಮುಂದಿನ ವಾರ ಬಸ್ಸು ಹತ್ತಿ ಐಸಿಟಿಸಿಗೆ ಹೋದೆ. ಬಾಗಿಲ ಬಳಿ ಕಾಲು ಒಂದು ಕ್ಷಣ ಹಿಂದೇಟು ಹಾಕಿದ್ದು ನಿಜ, ಪರಿಚಯದವರು ನೋಡಿದರೆ ಏನು ತಿಳಿದಾರು ಎಂದು. ಆಪ್ತ ಸಮಾಲೋಚಕಿ ಬಾಗಿಲು ಮುಂದೆ ಮಾಡಿ, ಕೂರಿಸಿ, ಯಾಕೆ ಬಂದೆ ಎಂದು ವಿಚಾರಣೆ ಮಾಡದೆ ಎಲ್ಲ ತಿಳಿಸಿದರು. ಬೇಡ ಅನ್ನಿಸಿದರೆ ಈಗಲೂ ಎದ್ದು ಹೋಗಬಹುದು ಎಂದರು. ಎದ್ದು ಹೋಗಬಹುದು ಎಂದಿದ್ದಕ್ಕೇ ಕೂರುವ ಧೈರ್ಯ ಬಂತು. ಲಾರಿ ಕ್ಲೀನರ್ ಹುಡುಗನಿಗೂ ಆ ಮೇಷ್ಟ್ರಿಗೂ ಸಿಗಬೇಕಾಗಿದ್ದದ್ದು ಈ ಕುರ್ಚಿ, ಈ ನಾಲ್ಕು ಮಾತು. ಫಲಿತಾಂಶ ಏನು ಬಂತು ಎಂದು ಇಲ್ಲಿ ಬರೆಯುವುದಿಲ್ಲ. ಅದು ನನಗೆ ಸೇರಿದ್ದು.

ಅಣ್ಣನಿಗೆ ಫೋನ್ ಮಾಡಿ ನಾನು ಹೋಗಿ ಬಂದೆ ಎಂದಷ್ಟೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಯುಗಾದಿಗೆ ಬಂದಾಗ ನೋಡೋಣ ಎಂದಿದ್ದಾನೆ. ನಾನೂ ಒತ್ತಾಯ ಮಾಡಿಲ್ಲ.